ಇಗರ್ಜಿ ಬಿದ್ದರೂ ಊರು ಉಳಿಯಿತು: ಕರಾವಳಿಯ ಗುರಿಕಾರರ ಕಥೆ

ವಿಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಕೊಟ್ಟಿದ್ದೇನೆ. ಓದೋರಿಗೆ ಓದಕ್ಕೆ, ಹುಡುಕೋರಿಗೆ ಹುಡುಕಕ್ಕೆ ಅನುಕೂಲ ಆಗಲಿ ಅಂತ.

ಇತಿಹಾಸ ಅಂದ ಕೂಡಲೇ ನಾವು ರಾಜರು, ಯುದ್ಧ, ಕೋಟೆ ಅಂತ ಶುರು ಮಾಡ್ತೀವಿ. ಇವತ್ತು ಅಷ್ಟು ದೊಡ್ಡದಕ್ಕೆ ಹೋಗೋದು ಬೇಡ. ದಕ್ಷಿಣ ಕನ್ನಡ, ಉಡುಪಿ ಕಡೆಯ ಒಂದು ಸಣ್ಣ ಕಥೋಲಿಕ್ ಇಗರ್ಜಿಯನ್ನ ತಗೊಳ್ಳೋಣ. ಇನ್ನೂರೋ ಮುನ್ನೂರೋ ಮನೆ, ಒಬ್ಬ ಪಾದ್ರಿ, ಒಂದು ಗಂಟೆ, ಪಕ್ಕದಲ್ಲಿ ಸ್ಮಶಾನ, ಒಂದು ಶಾಲೆ. ಅದನ್ನ ಕೊಂಕಣಿಯಲ್ಲಿ 'ಫಿರ್ಗಜ್' ಅಂತಾರೆ, ಕನ್ನಡದ ಬರವಣಿಗೆಯಲ್ಲಿ 'ಧರ್ಮಕೇಂದ್ರ'. ಫಿರ್ಗಜ್ ಅನ್ನೋ ಮಾತು ಪೋರ್ಚುಗೀಸಿನ 'ಫ್ರೆಗೆಜಿಯಾ'ದಿಂದ ಬಂದದ್ದು, ಇಗರ್ಜಿ ಅನ್ನೋದು 'ಇಗ್ರೇಜಾ'ದಿಂದ. ಎರಡರ ನಡುವಿನ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಇಗರ್ಜಿ ಅಂದ್ರೆ ಕಟ್ಟಡ. ಫಿರ್ಗಜ್ ಅಂದ್ರೆ ಆ ಗಂಟೆಯ ಲೆಕ್ಕಕ್ಕೆ ಸೇರಿದ ಮನೆಗಳು, ಅಂದರೆ ಜನ.

ಈಗ ನನ್ನ ಪ್ರಶ್ನೆ. 1784ರಲ್ಲಿ ಈ ಕರಾವಳಿಯ ಇಗರ್ಜಿಗಳು ಹೆಚ್ಚುಕಡಿಮೆ ಎಲ್ಲವೂ ನೆಲಸಮ ಆದವು. ಪಾದ್ರಿಗಳನ್ನ ಗಡೀಪಾರು ಮಾಡಿದರು. ಜನರನ್ನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಹದಿನೈದು ವರ್ಷ ಹಾಗೇ ಹೋಯಿತು. ಕಟ್ಟಡ ಇಲ್ಲ, ಗುರು ಇಲ್ಲ, ಹೊಲ ಇಲ್ಲ. ಆದರೂ 1799ರ ನಂತರ ಉಳಿದವರು ವಾಪಸ್ ಬಂದು ಅದೇ ಜಾಗಗಳಲ್ಲಿ, ಅದೇ ಹೆಸರುಗಳಲ್ಲಿ ಮತ್ತೆ ಇಗರ್ಜಿ ಕಟ್ಟಿದರು. ಇದು ಹೇಗೆ ಸಾಧ್ಯ ಆಯಿತು?

ನಾನು ಇಂಜಿನಿಯರ್. ಯಾವುದಾದರೂ ಸರ್ವರ್ ಪೂರ್ತಿ ಕುಸಿದು ಮತ್ತೆ ಎದ್ದು ನಿಂತರೆ ಮೊದಲು ಕೇಳೋದು, "ಬ್ಯಾಕಪ್ ಎಲ್ಲಿತ್ತು?" ಅಂತ. ಇಲ್ಲೂ ಅದೇ ಕೇಳ್ತೀನಿ. ನನಗೆ ಸಿಕ್ಕ ಉತ್ತರ: ಬ್ಯಾಕಪ್ ಇದ್ದದ್ದು ಮನೆಗಳಲ್ಲಿ. ಅದನ್ನ ಕಾಯ್ದದ್ದು ಗುರಿಕಾರ ಅನ್ನೋ ಸಾಮಾನ್ಯ ಗೃಹಸ್ಥ, ಮತ್ತು ಸಂಜೆಯ ಜಪಸರ ಹೇಳಿಕೊಟ್ಟ ಅಜ್ಜಿಯಂದಿರು.

ಬಂದವರು ಯಾರು, ಕರೆದವರು ಯಾರು

ಮಂಗಳೂರಿನ ರೊಸಾರಿಯೊ ಇಗರ್ಜಿ ಶುರುವಾದದ್ದು 1568ರಲ್ಲಿ. ಆದರೆ ಹಳ್ಳಿ ಹಳ್ಳಿಗೆ ಕ್ರೈಸ್ತರು ಹರಡಿದ್ದು ಮುಖ್ಯವಾಗಿ ಗೋವಾದಿಂದ ಬಂದ ವಲಸೆಯಿಂದ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಅದರ ಮೇಲೆ ಬರ, ರೋಗರುಜಿನ, ತೆರಿಗೆ, ಆಮೇಲೆ ಮರಾಠರ ದಾಳಿಗಳು. ಒಂದೊಂದು ಕಾರಣಕ್ಕೆ ಒಂದೊಂದು ಅಲೆ ದಕ್ಷಿಣಕ್ಕೆ ಇಳಿಯಿತು. ಕ್ರೈಸ್ತರು ಮಾತ್ರ ಅಲ್ಲ, ಗೌಡ ಸಾರಸ್ವತರೂ ಹೀಗೇ ಬಂದವರು.

ಇಲ್ಲಿ ಆಳ್ತಿದ್ದವರು ಇಕ್ಕೇರಿ–ಕೆಳದಿಯ ನಾಯಕರು. ಅವರಿಗೆ ಬೇಸಾಯ ಗೊತ್ತಿರುವ ಕೈಗಳು ಬೇಕಿತ್ತು. ಜಾಗ ಕೊಟ್ಟರು. 1678ರಲ್ಲಿ ಪೋರ್ಚುಗೀಸರ ಜೊತೆ ಆದ ಒಪ್ಪಂದದಲ್ಲಿ ಇಗರ್ಜಿ ಕಟ್ಟೋಕೂ ಒಪ್ಪಿಗೆ ಸಿಕ್ಕಿತು. ಕಲ್ಯಾಣಪುರದ ಮಿಲಾಗ್ರಿಸ್ ಆ ಕಾಲದ್ದು, ಮಂಗಳೂರಿನ ಮಿಲಾಗ್ರಿಸ್ 1680ರದ್ದು. ಟಿಪ್ಪು ಸತ್ತ ಮೇಲೆ ಈ ಕಡೆ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಇಕ್ಕೇರಿ ಅರಸರು ಕ್ರೈಸ್ತರಿಗೆ ಕೊಟ್ಟ ಪ್ರೋತ್ಸಾಹವನ್ನ ಬರೆದಿದ್ದಾನೆ. ಟಿಪ್ಪುವಿಗಿಂತ ಮುಂಚೆ ಇಲ್ಲಿ 27 ಇಗರ್ಜಿಗಳಿದ್ದವು ಅನ್ನೋ ಲೆಕ್ಕವೂ ಅಲ್ಲೇ ಇದೆ.

ಗುರಿಕಾರ ಅಂದ್ರೆ ಯಾರು?

ಇಪ್ಪತ್ತೇಳು ಇಗರ್ಜಿ ಅಂದ್ರೆ ಕೇಳೋಕೆ ದೊಡ್ಡ ಸಂಖ್ಯೆ. ಆದರೆ ಕರಾವಳಿಯ ಭೂಗೋಳ ನಿಮಗೆ ಗೊತ್ತಲ್ಲ. ಬಯಲುಸೀಮೆಯ ಹಾಗೆ ಮನೆಗೆ ಮನೆ ಅಂಟಿಕೊಂಡ ಊರು ಅಲ್ಲಿಲ್ಲ. ಗದ್ದೆಗೊಂದು ಮನೆ, ಗುಡ್ಡಕ್ಕೊಂದು ಮನೆ. ನಡುವೆ ಹೊಳೆ, ಮಳೆಗಾಲದಲ್ಲಿ ದಾಟೋಕಾಗಲ್ಲ. ಒಬ್ಬ ಪಾದ್ರಿ ಎಷ್ಟು ಮನೆ ತಿರುಗಬಹುದು?

ಅದಕ್ಕೆ ಫಿರ್ಗಜನ್ನ ವಾಡೊಗಳಾಗಿ ಹಂಚಿದರು. ಒಂದೊಂದು ವಾಡೊಗೆ ಒಬ್ಬ ಮುಖ್ಯಸ್ಥ. ಅವನೇ ಗುರಿಕಾರ, ಕೊಂಕಣಿಯಲ್ಲಿ 'ಗುರ್ಕಾರ್'. ಈ ಶಬ್ದ ಗಮನಿಸಿ. ಇದು ರೋಮಿನಿಂದ ಬಂದದ್ದಲ್ಲ, ಲಿಸ್ಬನ್ನಿಂದಲೂ ಬಂದದ್ದಲ್ಲ. ತುಳುನಾಡಿನಲ್ಲಿ ಮೊಗವೀರರಿಗೂ ಗುರಿಕಾರ ಇದ್ದಾನೆ, ಬೇರೆ ಎಷ್ಟೋ ಸಮುದಾಯಗಳಿಗೂ ಇದ್ದಾನೆ. ಮದುವೆ ಮಾತುಕತೆ, ಜಗಳದ ಪಂಚಾಯಿತಿ, ಸಾವಿನ ಮನೆಯ ಕೆಲಸ, ಎಲ್ಲಕ್ಕೂ ಮುಂದೆ ನಿಲ್ಲೋದು ಅವನೇ. ಪೂಜೆಯ ವಿಧಾನ ಲ್ಯಾಟಿನ್, ಕಟ್ಟಡದ ಮುಖ ಪೋರ್ಚುಗೀಸ್, ಪ್ರಾರ್ಥನೆಯ ಭಾಷೆ ಕೊಂಕಣಿ. ಆದರೆ ಊರು ನಡೆಸೋ ವ್ಯವಸ್ಥೆ ಮಾತ್ರ ಅಪ್ಪಟ ತುಳುನಾಡಿನದು.

ಗುರಿಕಾರನ ಕೆಲಸ ಏನೇನು ಅಂತ ನೋಡಿ. ಯಾರ ಮನೆಯಲ್ಲಿ ಕಾಯಿಲೆ ಜೋರಾಗಿದೆ ಅಂತ ಪಾದ್ರಿಗೆ ತಿಳಿಸಬೇಕು, ಕೊನೆಯ ಸಂಸ್ಕಾರ ತಪ್ಪಬಾರದು. ಸಾವಾದರೆ ವಾಡೊದ ಮನೆಗಳಿಗೆ ಸುದ್ದಿ ಮುಟ್ಟಿಸಬೇಕು, ಗುಂಡಿ ತೋಡೋಕೆ ಜನ ಸೇರಿಸಬೇಕು. ಅಣ್ಣತಮ್ಮಂದಿರ ಪಾಲು ಜಗಳ ಕೋರ್ಟಿಗೆ ಹೋಗೋ ಮುಂಚೆ ಕೂತು ಮಾತಾಡಿಸಬೇಕು. ಹಬ್ಬಕ್ಕೆ ಮನೆಗಿಷ್ಟು ಅಂತ ವಂತಿಗೆ ಎತ್ತಬೇಕು. ಇದಕ್ಕೆಲ್ಲ ಸಂಬಳ ಇಲ್ಲ. ಅವನೂ ಗದ್ದೆ ಉಳೋನೇ.

ಇದನ್ನ ಹೊಗಳಿ ಬಿಟ್ಟುಬಿಟ್ಟರೆ ಇತಿಹಾಸ ಅರ್ಧ ಹೇಳಿದ ಹಾಗೆ. ಗುರಿಕಾರ ಆಗ್ತಿದ್ದದ್ದು ಊರಲ್ಲಿ ಹೆಸರು, ಹೊಲ ಇದ್ದ ಮನೆತನದ ಗಂಡಸು. ಮತಾಂತರ ಆದರೂ ಜಾತಿ ಗೋವಾದಲ್ಲೇ ಉಳಿಯಲಿಲ್ಲ. ಬಾಮಣ್, ಚಾರೊಡಿ, ಶುದಿರ್ ಅನ್ನೋ ಭೇದ ದೋಣಿ ಹತ್ತಿ ಕರಾವಳಿಗೂ ಬಂತು. ಮದುವೆ ಸಂಬಂಧದಲ್ಲಿ, ಇಗರ್ಜಿಯ ಗೌರವಗಳಲ್ಲಿ ಅದು ಬಹಳ ಕಾಲ ನಡೆಯಿತು. ಊರು ಉಳಿಸಿದ ವ್ಯವಸ್ಥೆಯೇ ಊರೊಳಗಿನ ಏಣಿಯನ್ನೂ ಉಳಿಸಿತು. ಎರಡನ್ನೂ ಒಟ್ಟಿಗೆ ನೋಡಬೇಕು.

1784: ಕಟ್ಟಡ ಇಲ್ಲದ ಫಿರ್ಗಜ್

ಎರಡನೇ ಆಂಗ್ಲೋ–ಮೈಸೂರು ಯುದ್ಧ ಮುಗೀತಾ ಬಂದಿತ್ತು. ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನೋದು ಟಿಪ್ಪುವಿನ ಆರೋಪ. 1784ರ ಫೆಬ್ರವರಿ ಕೊನೆಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಅಂದರೆ ನಲವತ್ತು ದಿನದ ಉಪವಾಸ ಶುರುವಾಗೋ ಸಮಯಕ್ಕೆ, ಬಂಧನ ನಡೆಯಿತು. ಗಂಡಸರು, ಹೆಂಗಸರು, ಮಕ್ಕಳು ಘಟ್ಟ ಹತ್ತಿ ಶ್ರೀರಂಗಪಟ್ಟಣದ ದಾರಿ ಹಿಡಿದರು. ದಾರಿಯಲ್ಲಿ ಸತ್ತವರು ಬಹಳ, ಸೆರೆಯಲ್ಲಿ ಸತ್ತವರು ಇನ್ನೂ ಬಹಳ. ಬಲವಂತದ ಮತಾಂತರವೂ ನಡೆಯಿತು.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಟಿವಿ ಚರ್ಚೆ ಇಲ್ಲಿ ಬೇಡ. ಈ ಸಂಕಟವನ್ನ ಇವತ್ತಿನ ಯಾರದೋ ಮೇಲೆ ಎಸೆಯೋ ಕಲ್ಲು ಮಾಡೋದೂ ಬೇಡ, ಆಗಲೇ ಇಲ್ಲ ಅನ್ನೋದೂ ಬೇಡ. ನಮ್ಮ ಪ್ರಶ್ನೆ ಆ ಜನರ ಬಗ್ಗೆ.

ಒಂದು ಕಡೆ ಮಾತ್ರ ಇಗರ್ಜಿ ಉಳಿಯಿತು. ಮೂಡುಬಿದಿರೆ ಹತ್ತಿರದ ಹೊಸ್ಪೆಟ್ (ವಿಜಯನಗರದ ಹೊಸಪೇಟೆ ಅಲ್ಲ) ಪವಿತ್ರ ಶಿಲುಬೆಯ ಇಗರ್ಜಿ. ಅದನ್ನ ಉಳಿಸಿದ್ದು ಮೂಡುಬಿದಿರೆಯ ಚೌಟ ಅರಸ ಅಂತ ಸಮುದಾಯದ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಚೌಟರು ಜೈನರು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ವಿರುದ್ಧ ಹೋರಾಡಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವಳು. ಪೋರ್ಚುಗೀಸರ ಜೊತೆ ಯುದ್ಧ ಮಾಡಿದ ಮನೆತನ, ಪೋರ್ಚುಗೀಸರು ತಂದ ಧರ್ಮದ ಇಗರ್ಜಿಯನ್ನ ಕಾಪಾಡಿತು. ಅವರಿಗೆ ಆ ಇಗರ್ಜಿ ಪರಂಗಿಯವರದ್ದಾಗಿ ಕಂಡಿರಲಿಕ್ಕಿಲ್ಲ. ಅದು ತಮ್ಮ ಸೀಮೆಯ ಒಕ್ಕಲು ಮಕ್ಕಳದ್ದಾಗಿ ಕಂಡಿರಬೇಕು.

ಇನ್ನು ಸೆರೆಯಲ್ಲಿದ್ದವರಿಗೆ ಏನಿತ್ತು? ಬಲಿಪೂಜೆಗೆ ಪಾದ್ರಿ ಬೇಕೇ ಬೇಕು. ಆದರೆ ತೆರ್ಸ್ ಅಂದ್ರೆ ಜಪಸರದ ಪ್ರಾರ್ಥನೆಗೆ ಪಾದ್ರಿ ಬೇಡ, ಪುಸ್ತಕ ಬೇಡ, ಮಣಿಸರವೂ ಬೇಡ. ಹತ್ತು ಬೆರಳು ಸಾಕು. ಬಾಯಿಪಾಠ ಬಂದರೆ ಆಯಿತು, ಅದೂ ಕೊಂಕಣಿಯಲ್ಲಿ. ತುರ್ತು ಹೊತ್ತಲ್ಲಿ ಮಗುವಿಗೆ ಯಾರು ಬೇಕಾದರೂ ಸ್ನಾನದೀಕ್ಷೆ ಕೊಡಬಹುದು ಅನ್ನೋದು ಕಥೋಲಿಕ್ ಸಭೆಯ ಹಳೇ ನಿಯಮ. ಸೂಲಗಿತ್ತಿ ಕೊಟ್ಟರೂ ಅದು ಸಿಂಧು. ಅಂದ್ರೆ ಈ ಧರ್ಮದ ಒಳಗೇ ಪಾದ್ರಿ ಇಲ್ಲದಾಗ ನಡೆಸೋಕೆ ಒಂದು ಕನಿಷ್ಠ ವ್ಯವಸ್ಥೆ ಇತ್ತು. ಅದು ಮನೆಯ ಹಿರಿಯರ ಕೈಯಲ್ಲಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಅಲ್ಲಿ ಚದುರಿದ ಕ್ರೈಸ್ತರನ್ನ ಒಟ್ಟುಗೂಡಿಸೋಕೆ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಬಂದರು. ಹಿಂದೂ ಆಚಾರಗಳ ಮೇಲೆ ಪುಸ್ತಕ ಬರೆದು ಹೆಸರಾದ ಅದೇ ದುಬುವಾ. ಮಿಕ್ಕವರು ಘಟ್ಟ ಇಳಿದು ಊರಿಗೆ ಬಂದರು. ಹೊಲದಲ್ಲಿ ಬೇರೆಯವರಿದ್ದರು. ಬಹಳ ಜನ ಒಂದು ಕಾಲಕ್ಕೆ ತಮ್ಮದೇ ಆಗಿದ್ದ ಸೀಮೆಯಲ್ಲಿ ಗೇಣಿ ಒಕ್ಕಲಾಗಿ ಮತ್ತೆ ಶುರು ಮಾಡಿದರು. ಮೊದಲು ಹುಲ್ಲು ಮಾಡಿನ ಪ್ರಾರ್ಥನಾ ಮನೆ, ಆಮೇಲೆ ಇಗರ್ಜಿ. ಮಂಗಳೂರಿನ ಮಿಲಾಗ್ರಿಸ್ 1811ರಲ್ಲಿ ಮತ್ತೆ ಎದ್ದಿತು. ಯಾವ ಮನೆ ಯಾವ ವಾಡೊ, ಯಾರ ಅಜ್ಜ ಎಲ್ಲಿ ಮಣ್ಣಾದ, ಹಳೇ ಇಗರ್ಜಿಯ ಪಂಚಾಂಗ ಎಲ್ಲಿತ್ತು, ಇದೆಲ್ಲ ಕಾಗದದಲ್ಲಿ ಇರಲಿಲ್ಲ. ಜನರ ತಲೆಯಲ್ಲಿತ್ತು.

ಒಳಗಿನ ಜಗಳ

ಹೊರಗಿನ ಪೆಟ್ಟನ್ನ ತಡೆದುಕೊಂಡ ಊರನ್ನ ಒಳಗಿನ ಜಗಳ ಅಲ್ಲಾಡಿಸಿತು. ಇವರ ಮೇಲಿನ ಅಧಿಕಾರ ಗೋವಾದ ಆರ್ಚ್‌ಬಿಷಪ್ಪರದ್ದು, ಅಂದರೆ ಪೋರ್ಚುಗಲ್ ದೊರೆಯ ಪೋಷಕತ್ವದ್ದು. ಅದನ್ನ ಪಾದ್ರುವಾದೊ ಅಂತಾರೆ. 1838ರಲ್ಲಿ ಪೋಪ್ ಅದನ್ನ ಮೊಟಕು ಮಾಡಿ ಕೇರಳದ ವರಾಪುಝದ ಕಾರ್ಮೆಲೈಟರ ಕೈಗೆ ಕೊಟ್ಟರು. ಒಂದಿಷ್ಟು ಜನ ಒಪ್ಪಿದರು, ಒಂದಿಷ್ಟು ಜನ ಗೋವಾವನ್ನ ಬಿಡಲಿಲ್ಲ. ನೆಂಟರಿಷ್ಟರೇ ಎರಡು ಪಕ್ಷ ಆದರು.

1878ರ ಡಿಸೆಂಬರ್ 31ಕ್ಕೆ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಎರಡು ವರ್ಷ ತುಂಬೋ ಮುಂಚೆಯೇ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾಯಿತು. 1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ನಡುವೆ ಒಪ್ಪಂದ ಆಗಿ, ಅದೇ ವರ್ಷ ಮಂಗಳೂರು ಸ್ವತಂತ್ರ ಧರ್ಮಪ್ರಾಂತ್ಯ ಆಯಿತು. ಆದರೂ ಗಾಯ ಪೂರ್ತಿ ಮಾಯಲಿಲ್ಲ. 1889ರಲ್ಲಿ ಗೋವಾದ ಪಾದ್ರಿ ಅಲ್ವಾರಿಸ್ ಕೇರಳದ ಆರ್ಥೊಡಾಕ್ಸ್ ಸಭೆಯಲ್ಲಿ ಬಿಷಪ್ ದೀಕ್ಷೆ ಪಡೆದರು, ಬ್ರಹ್ಮಾವರ ಕಡೆಯ ಒಂದು ಗುಂಪು ಅವರ ಜೊತೆ ಹೋಯಿತು. ಇವತ್ತಿಗೂ ಬ್ರಹ್ಮಾವರದಲ್ಲಿ ಆ ಸಮುದಾಯ ಇದೆ. ಅದೇ ಕೊಂಕಣಿ, ಅದೇ ಮನೆತನದ ಹೆಸರುಗಳು, ಬೇರೆ ಸಭೆ. ಮೇಲಿನವರು ನಕ್ಷೆಯ ಮೇಲೆ ಗೆರೆ ಎಳೆದರೆ ಅದು ಕೆಳಗೆ ಊಟದ ಪಂಕ್ತಿಯಲ್ಲಿ ಹಾದು ಹೋಗತ್ತೆ.

ತೆನೆಯ ಲೆಕ್ಕ

ಈಗ ಪೂಜೆಯ ಕಡೆ ಬರೋಣ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ, ಮೊಂತಿ ಫೆಸ್ತ್. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರ ಸುಮಾರಿಗೆ ಗೋವಾದ ಪಾದ್ರಿ ಜೋಕಿಂ ಮಿರಾಂಡ ಇದನ್ನ ಶುರು ಮಾಡಿದರು ಅನ್ನೋದು ಸಮುದಾಯದ ನಂಬಿಕೆ. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂವು ತಂದು ಅರ್ಪಿಸ್ತಾರೆ. ಹಬ್ಬದ ದಿನ ಪಾದ್ರಿ ಹೊಸ ಭತ್ತದ ತೆನೆಗಳನ್ನ ಆಶೀರ್ವದಿಸಿ ಮನೆಮನೆಗೂ ಕೊಡ್ತಾರೆ. ಮಕ್ಕಳಿಗೆ ಕಬ್ಬು. ಮನೆಗೆ ಹೋಗಿ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಹಿರಿಯರು ಮೊದಲು ಎಲ್ಲರಿಗೂ ಹಂಚ್ತಾರೆ. ಇದಕ್ಕೆ 'ನೊವೆಂ' ಅಂತ ಹೆಸರು. ಅವತ್ತು ಮೀನು ಮಾಂಸ ಇಲ್ಲ, ತರಕಾರಿ ಊಟ, ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು.

ತುಳುವರ ಪುದ್ದಾರ್, ಕೊಡಗಿನ ಹುತ್ತರಿ ಗೊತ್ತಿರೋರಿಗೆ ಇದು ಹೊಸದು ಅನಿಸೋದೇ ಇಲ್ಲ. ಹೊಸ ಅಕ್ಕಿಯ ಊಟ ಈ ಮಣ್ಣಿನದು, ಅದಕ್ಕೆ ಮರಿಯಮ್ಮನ ಹಬ್ಬ ಬಂದು ಸೇರಿಕೊಂಡಿತು.

ಇದರಲ್ಲೂ ಗುರಿಕಾರ ಇದ್ದಾನೆ. ಎಷ್ಟು ಮನೆ, ಎಷ್ಟು ತೆನೆ? ಯಾರಿಗೂ ತಪ್ಪಬಾರದು, ಹಾಸಿಗೆ ಹಿಡಿದ ಮುದುಕಿಯ ಮನೆಗೂ ತಲುಪಬೇಕು. ಅದಕ್ಕೆ ವಾಡೊದ ಪಟ್ಟಿ ಬೇಕು. ತೆನೆ ಹಂಚೋದು ಅಂದ್ರೆ ವರ್ಷಕ್ಕೊಮ್ಮೆ ಊರಿನ ಜನಗಣತಿ ಮಾಡಿದ ಹಾಗೆ.

ಹಾಗೇ ವಾರ್ಷಿಕ ಹಬ್ಬಕ್ಕೆ ಮುಂಚಿನ ಭ್ರಾತೃತ್ವದ ಭಾನುವಾರ. ಪರಮಪ್ರಸಾದದ ಮೆರವಣಿಗೆ ಇಗರ್ಜಿಯಿಂದ ಹೊರಟು ಊರಿನ ರಸ್ತೆಯಲ್ಲಿ ಸಾಗತ್ತೆ. ಯಾವ ವಾಡೊದವರು ಎಲ್ಲಿ ನಿಲ್ಲಬೇಕು, ದೀಪ ಯಾರದು, ತೋರಣ ಯಾರದು, ಎಲ್ಲ ಮೊದಲೇ ಹಂಚಿರತ್ತೆ.

ಲ್ಯಾಟಿನ್ ಹೋಯಿತು, ಕೊಂಕಣಿ ಪೀಠಕ್ಕೆ ಬಂತು

1960ರ ದಶಕದವರೆಗೂ ಬಲಿಪೂಜೆ ಲ್ಯಾಟಿನ್ನಿನಲ್ಲಿ. ಪಾದ್ರಿ ಪೀಠದ ಕಡೆ ಮುಖ ಮಾಡಿ ಹೇಳ್ತಿದ್ದರು, ಹಿಂದೆ ಕೂತ ಎಷ್ಟೋ ಹೆಂಗಸರು ತಮ್ಮ ಪಾಡಿಗೆ ತೆರ್ಸ್ ಹೇಳಿಕೊಳ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪೂಜಾವಿಧಿಯ ದಾಖಲೆ ಹೊರಡಿಸಿ ಜನರ ಭಾಷೆಗೆ ಬಾಗಿಲು ತೆರೆಯಿತು. ಮಂಗಳೂರಿನ ಕಡೆ ಆ ಭಾಷೆ ಕೊಂಕಣಿ, ಬರೆದದ್ದು ಕನ್ನಡ ಲಿಪಿಯಲ್ಲಿ. 1938ರಿಂದ 'ರಾಕ್ಣೊ' ವಾರಪತ್ರಿಕೆಯನ್ನ ಕನ್ನಡ ಅಕ್ಷರದಲ್ಲೇ ಓದಿ ಬೆಳೆದ ಜನ, ಅವರಿಗೆ ಕಷ್ಟ ಆಗಲಿಲ್ಲ. ಸೆರೆಯಲ್ಲಿ ಬಾಯಿಪಾಠವಾಗಿ ಉಳಿದಿದ್ದ ಮನೆಯ ಭಾಷೆ ಕೊನೆಗೂ ಪೀಠ ಹತ್ತಿತು.

ಗುರಿಕಾರನ ಸ್ಥಾನವೂ ಬದಲಾಯಿತು. 1983ರ ಧರ್ಮಸಭೆಯ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಅಂತ ಹೇಳಿತು, ಪಾಲನಾ ಪರಿಷತ್ತಿಗೂ ದಾರಿ ಮಾಡಿತು. ವಾಡೊಗಳಲ್ಲಿ 'ಲ್ಹಾನ್ ಕ್ರಿಸ್ತಾಂವ್ ಸಮುದಾಯ್' ಅಂದರೆ ಸಣ್ಣ ಕ್ರೈಸ್ತ ಸಮುದಾಯದ ಕೂಟಗಳು ಬಂದವು. ಈಗ ಹೆಂಗಸರೂ ಗುರಿಕಾರರಾಗ್ತಾರೆ. ಮನೆತನದ ಗತ್ತಿನಿಂದ ಬರ್ತಿದ್ದ ಜಾಗ ನಿಧಾನಕ್ಕೆ ಆಯ್ಕೆಯ ಜಾಗ ಆಗ್ತಿದೆ.

ಪುಣೆಯ ಮದುವೆ, ಊರಿನ ಪುಸ್ತಕ

ಹೊರನಾಡಿನಲ್ಲಿರೋ ನಮಗೆ ಇದರಲ್ಲಿ ಏನಿದೆ? ಒಂದು ಸಣ್ಣ ವಿಷಯ ಹೇಳ್ತೀನಿ, ಇದು ಗೊತ್ತಾದಾಗ ನನಗೆ ತುಂಬ ಖುಷಿ ಆಯಿತು.

1563ರಲ್ಲಿ ಟ್ರೆಂಟ್ ಮಹಾಸಭೆ ಮದುವೆಗೆ ಮುಂಚೆ ಮೂರು ಸಲ ಇಗರ್ಜಿಯಲ್ಲಿ ಹೆಸರು ಓದಬೇಕು, ಮದುವೆಯನ್ನ ಪುಸ್ತಕದಲ್ಲಿ ಬರೆಯಬೇಕು ಅಂತ ಮಾಡಿತು. 1908ರಿಂದ ಇನ್ನೊಂದು ನಿಯಮ ಸೇರಿತು: ಮದುವೆ ಎಲ್ಲೇ ಆಗಲಿ, ಆ ವಿಷಯ ನೀವು ಸ್ನಾನದೀಕ್ಷೆ ಪಡೆದ ಇಗರ್ಜಿಗೆ ಹೋಗಬೇಕು, ಅಲ್ಲಿನ ಪುಸ್ತಕದಲ್ಲಿ ನಿಮ್ಮ ಹೆಸರಿನ ಜೊತೆ ದಾಖಲಾಗಬೇಕು. ಅಂದ್ರೆ ಶಿರ್ವದಲ್ಲಿ ಸ್ನಾನದೀಕ್ಷೆ ಆದ ಹುಡುಗಿ ಪುಣೆಯಲ್ಲಿ ಮದುವೆಯಾದರೆ, ಶಿರ್ವದ ಪುಸ್ತಕದಲ್ಲಿ ಅವಳ ಸಾಲಿನ ಪಕ್ಕ ಪುಣೆಯ ಮದುವೆ ಬಂದು ಕೂರತ್ತೆ. ನಮ್ಮ ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದರೆ, ನಿಮ್ಮ ಮೂಲ ರೆಕಾರ್ಡ್ ಯಾವಾಗಲೂ ಊರಲ್ಲೇ ಇರತ್ತೆ, ಬೇರೆ ಕಡೆ ಆಗೋದೆಲ್ಲ ಅಲ್ಲಿಗೆ ಅಪ್‌ಡೇಟ್ ಆಗತ್ತೆ. ನೀವು ಊರು ಬಿಟ್ಟರೂ ಊರಿನ ಪುಸ್ತಕ ನಿಮ್ಮನ್ನ ಬಿಡಲ್ಲ.

ಆದರೆ ಪುಸ್ತಕದಲ್ಲಿ ಹೆಸರಿದ್ದರೆ ಸಾಕಾ? ಅಸಲು ಆತಂಕ ಇಲ್ಲಿದೆ. ಗದ್ದೆ ಅಡಿಕೆ ತೋಟ ಆಗಿದೆ, ಎಷ್ಟೋ ಕಡೆ ಮೊಂತಿ ಫೆಸ್ತಿನ ತೆನೆಯನ್ನೇ ಬೇರೆ ಕಡೆಯಿಂದ ತರಬೇಕು. ಮಕ್ಕಳು ಮುಂಬೈಯಲ್ಲಿ, ಬೆಂಗಳೂರಲ್ಲಿ, ಕೊಲ್ಲಿಯಲ್ಲಿ. ವಾಡೊದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಇಲ್ಲ ಬೀಗ. ಗುಂಡಿ ತೋಡೋಕೆ ಹೆಗಲು ಕೊಡೋ ಹುಡುಗರಿಲ್ಲ. 1784ರಲ್ಲಿ ಕಟ್ಟಡ ಹೋಗಿ ಜನ ಉಳಿದರು. ಈಗ ಕಟ್ಟಡ ಚೆನ್ನಾಗಿದೆ, ಬಣ್ಣ ಹೊಡೆದಿದೆ, ಪಾರ್ಕಿಂಗ್ ಇದೆ. ಕಡಿಮೆ ಆಗ್ತಿರೋದು ಜನ. ಹಳೇ ಕಥೆ ತಲೆಕೆಳಗಾಗಿದೆ.

ಇನ್ನೊಂದು ಕಡೆಯೂ ಇದೆ. ಮುಂಬೈಯ ಉಪನಗರಗಳಲ್ಲಿ ಮಂಗಳೂರಿನವರು ಕೊಂಕಣಿ ಪೂಜೆ ಇಟ್ಟುಕೊಳ್ತಾರೆ, ಮೊಂತಿ ಫೆಸ್ತ್ ಮಾಡ್ತಾರೆ. ಊರಿನ ತೆನೆಯ ನಾಲ್ಕು ಕಾಳು ಲಕೋಟೆಯಲ್ಲಿ ಬರತ್ತೆ, ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡೀತಾರೆ. ಸೊಸೈಟಿಯ ಮೂರನೇ ಮಹಡಿಯಲ್ಲೂ ನೊವೆಂ ಆಗತ್ತೆ. ಗೋವಾದಿಂದ ಕರಾವಳಿಗೆ, ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ವಾಪಸ್, ಈಗ ಮುಂಬೈಗೆ. ಇದು ನಡೆದು ನಡೆದು ಅಭ್ಯಾಸ ಇರೋ ಸಮುದಾಯ.

ಆದರೆ ವಾಟ್ಸಾಪ್ ಗುಂಪಲ್ಲಿ ಹಬ್ಬದ ಶುಭಾಶಯ ಹಾಕೋದು ಬೇರೆ, ಪಕ್ಕದ ಮನೆಯ ಸಾವಿಗೆ ಮೊದಲು ಹೋಗಿ ನಿಲ್ಲೋದು ಬೇರೆ. ಗುರಿಕಾರ ಮಾಡ್ತಿದ್ದದ್ದು ಎರಡನೆಯದನ್ನ. ಇದು ಕ್ರೈಸ್ತರಿಗೆ ಮಾತ್ರ ಹೇಳ್ತಿರೋ ಮಾತಲ್ಲ. ಹೊರನಾಡಿನ ನಮ್ಮ ಕನ್ನಡ ಸಂಘಗಳೂ ಇದೇ ಪ್ರಶ್ನೆ ಕೇಳಿಕೊಳ್ಳಬಹುದು. ರಾಜ್ಯೋತ್ಸವಕ್ಕೆ ಸ್ಟೇಜ್ ಹಾಕೋರು ನಮ್ಮಲ್ಲಿ ಬಹಳ ಜನ. ನಮ್ಮ ಬೀದಿಯ ಕನ್ನಡದ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಕೊನೆಗೆ ಒಂದು ಕೋರಿಕೆ. ನಿಮ್ಮದು ಕರಾವಳಿಯ ಇಗರ್ಜಿಯ ಮನೆ ಆಗಿದ್ದರೆ, ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ನಮ್ಮ ವಾಡೊದ ಹೆಸರೇನು, ಈಗ ಗುರಿಕಾರರು ಯಾರು, ಅವರಿಗಿಂತ ಮುಂಚೆ ಯಾರಿದ್ದರು. ಬೇರೆ ಸಮುದಾಯದವರಾದರೆ ನಿಮ್ಮೂರಿನ ಗುರಿಕಾರ, ಯಜಮಾನ, ಗೌಡ, ಯಾರಿದ್ದರೋ ಅವರ ಹೆಸರು ಕೇಳಿ. ಅಜ್ಜ ಅಜ್ಜಿ ಇರುವಾಗಲೇ ಕೇಳಿ. ಅವರು ಹೇಳೋ ಹೆಸರುಗಳಲ್ಲಿ ಅರ್ಧ ಯಾವ ಪುಸ್ತಕದಲ್ಲೂ ಸಿಗಲ್ಲ.